ಎದುರಿಗೊಂದು ತಾಟು

ಸೆಪ್ಟೆಂಬರ್ ೨೮

ಇವತ್ತು ಇವರನ್ನು ಹಾವೇರಿಯ ಆಸ್ಪತ್ರೆಯಿಂದ ಹಿರೇಕೆರೂರಿಗೆ ಕರೆತಂದೆವು. ಮೈದುನ ಮೃತ್ಯುಂಜಯ ಮತ್ತು ನಮ್ಮ ದಲಾಲಿ ಅಂಗಡಿಯ ಗುಮಾಸ್ತ ಮಾಲತೇಶ ಸೇರಿ ಕಾರಿನಿಂದ ಎತ್ತಿ ತಂದು ಒಳಕೋಣೆಯ ಮಂಚದ ಮೇಲೆ ಕೂರಿಸಿದರು. ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿವೆ. ಮುಖದ ಎಡಭಾಗ ಜೋತುಬಿದ್ದು ಬಾಯಿ ಒಂದು ಕಡೆಗೆ ಎಳೆದಿದೆ. ಮೂಗಿನಲ್ಲಿ ನಳಿಕೆ. ಹೊತ್ತು ಹೊತ್ತಿಗೆ ಅದರಲ್ಲಿ ಸೋಸಿದ ಗಂಜಿ ಬಿಡಬೇಕು.

ಗಂಡನ ಹೆಸರು ಬಾಯಿಂದ ಹೇಳಬಾರದು ಅಂತ ಅವ್ವ ಕಲಿಸಿದ್ದಳು. ಬರೆಯಬಾರದು ಅಂತ ಹೇಳಿರಲಿಲ್ಲ. ಕುಬೇರಪ್ಪ. ಬರೆದೆ, ಏನೂ ಆಗಲಿಲ್ಲ. ಗೋವಿನಜೋಳದ ಕಾಳು ಬಾಯಿಗೆ ಹಾಕಿ ಕಟಕ್ಕನೆ ಕಡಿದು, ‘ಇನ್ನಾ ಹಸಿ ಐತಿ, ಎರಡು ಬಿಸಲು ಕಾಣಸ್ರಿ’ ಅಂತ ಎಂಥೆಂಥ ರೈತರನ್ನೂ ವಾಪಸ್ ಕಳಿಸುತ್ತಿದ್ದವರು. ಈಗ ಆ ಬಾಯಲ್ಲಿ ಜೊಲ್ಲು ನಿಲ್ಲುತ್ತಿಲ್ಲ. ಒರೆಸಲು ಹೋದರೆ ಮುಖ ತಿರುಗಿಸುತ್ತಾರೆ.

ಡೈರಿ ಬರೆಯುವ ಚಟ ನನಗಿರಲಿಲ್ಲ. ಆದರೆ ಮಾತಾಡಲು ಮನೆಯಲ್ಲಿ ಯಾರಿದ್ದಾರೆ? ಇವರಿಗೆ ನಾಲಿಗೆ ಹೊರಳುವುದಿಲ್ಲ. ಹೊರಳುತ್ತಿದ್ದಾಗಲೂ ನನ್ನ ಹತ್ತಿರ ಹೆಚ್ಚು ಮಾತಾಡಿದವರಲ್ಲ, ಅದು ಬೇರೆ ಮಾತು.

ಅಕ್ಟೋಬರ್ ೩

ನೋಡಲು ಬರುವವರ ಕಾಟ. ಬಂದವರೆಲ್ಲ ಬ್ರೆಡ್ಡು, ಬಾಳೆಹಣ್ಣು ತರುತ್ತಾರೆ. ನುಂಗಲು ಬಾರದ ಮನುಷ್ಯನ ತಲೆದಿಂಬಿನ ಪಕ್ಕ ಬ್ರೆಡ್ಡಿನ ರಾಶಿ. ಕಿವಿ ನೆಟ್ಟಗಿರುವ ಇವರಿಗೆ ‘ಹೆಂಗದೀರಿ?’ ಅಂತ ಒದರುತ್ತಾರೆ. ಆಮೇಲೆ ಇವರು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ನನ್ನನ್ನು ಕೇಳುತ್ತಾರೆ, ‘ಏನ್ ಉಣ್ತಾರ?’ ಕೇಳುವಾಗ ಕಣ್ಣು ಇವರ ಬಾಯಿಯ ಮೇಲೆ. ಸಂಜೆ ಹೊತ್ತಿಗೆ ಇವರು ಗೋಡೆಯ ಕಡೆ ಹೊರಳಿ ಮಲಗಿದರು. ಆಮೇಲೆ ಬಂದವರಿಗೆ ‘ನಿದ್ದಿ ಹತ್ತೈತಿ’ ಅಂತ ಸುಳ್ಳು ಹೇಳಿ ಚಾ ಕೊಟ್ಟು ಕಳಿಸಿದೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಮ್ಮಲ್ಲಿ ಕಡಲೆಯೂ ಇದೆ, ಹಲ್ಲೂ ಇದೆ. ನಡುವೆ ಏನೋ ಕಡಿದುಹೋಗಿದೆ.

ನನ್ನ ಊಟ ಆದಾಗ ಮೂರು ಹೊಡೆದಿತ್ತು. ಯಾವಾಗಲೂ ಹಾಗೆಯೇ. ಮೊದಲು ಗಂಡಸರದು ಪಡಸಾಲೆಯಲ್ಲಿ ಆಗಬೇಕು. ಮೃತ್ಯುಂಜಯನ ಹೆಂಡತಿ ಸುಧಾರಾಣಿ ತನ್ನದನ್ನು ಹಾಕಿಕೊಂಡು ಮೇಲಿನ ಕೋಣೆಗೆ, ಟಿ.ವಿ. ಮುಂದಕ್ಕೆ ಹೋಗುತ್ತಾಳೆ. ನಾನು ಅಡುಗೆಕಟ್ಟೆಯ ಹತ್ತಿರ ನಿಂತು ಎರಡು ರೊಟ್ಟಿ ಮುಗಿಸುತ್ತೇನೆ. ಮದುವೆಯಾಗಿ ಬಂದಾಗಿನಿಂದ ಅದೇ ಜಾಗ, ಅದೇ ಗೋಡೆ.

ಅಕ್ಟೋಬರ್ ೯

ನಿನ್ನೆ ಆಸ್ಪತ್ರೆಯಲ್ಲಿ ಮೂಗಿನ ನಳಿಕೆ ತೆಗೆದರು. ಬಾಯಿಂದ ಮೆತ್ತಗಿನದು, ಗಟ್ಟಿಯಾಗಿ ಕಲಸಿದ್ದು ಕೊಟ್ಟು ನೋಡಿ ಅಂದರು. ಬಾಯಿಂದ ಹೊಟ್ಟೆ ತುಂಬುವಷ್ಟು ಇಳಿಯದಿದ್ದರೆ ಹೊಟ್ಟೆಗೇ ತೂತು ಮಾಡಿ ನಳಿಕೆ ಇಡಬೇಕಾಗುತ್ತದಂತೆ. ಇವರು ಅದನ್ನು ಕೇಳಿ ನನ್ನ ಸೆರಗು ಹಿಡಿದುಕೊಂಡರು. ಬಲಗೈಯಲ್ಲಿ ಇನ್ನೂ ಜೋರಿದೆ.

ಇವತ್ತು ಬಾಯಿಯ ವ್ಯಾಯಾಮ ಕಲಿಸುವ ಹುಡುಗಿ ಬಂದಳು. ಸಮತಾ ಅಂತ, ಅಬಲೂರಿನವಳು. ಈ ಕಡೆಯ ಊರುಗಳಲ್ಲಿ ಮನೆಮನೆಗೆ ಹೋಗುತ್ತಾಳೆ. ಬಂದ ಕೂಡಲೇ ಸುಧಾರಾಣಿ, ‘ಅಬಲೂರಾಗ ಯಾರ ಪೈಕಿ?’ ಅಂದಳು. ಹುಡುಗಿ ಮುಚ್ಚುಮರೆ ಇಲ್ಲದೆ ತಮ್ಮ ಕೇರಿಯ ಹೆಸರು ಹೇಳಿ, ಕೈಗವಸು ಹಾಕಿಕೊಂಡು ಇವರ ಬಾಯೊಳಗೆ ಬೆರಳು ಇಟ್ಟಳು. ಸುಧಾರಾಣಿ ಮೇಲೆ ಹೋದಳು. ಇವರು ಬಾಯಿ ಮುಚ್ಚಲಿಲ್ಲ. ನನಗೆ ಅದರ ಬಗ್ಗೆ ಯೋಚಿಸಲು ಪುರಸೊತ್ತು ಇರಲಿಲ್ಲ, ಬೆರಳು ಎಲ್ಲಿ ಹೋಗುತ್ತದೆ ಅಂತ ನೋಡುತ್ತಿದ್ದೆ.

‘ನೋಡ್ರಿ ಅವ್ವಾರ, ಯಜಮಾನ್ರಿಗೆ ಎಡಗಲ್ಲದಾಗ ತುತ್ತು ಕುಂತಿದ್ದು ಗೊತ್ತ ಆಗೂದಿಲ್ಲ. ನಾಲಿಗಿ ಅದನ್ನ ಹಲ್ಲಿನ ಕಡೆ ದೂಡೂದಿಲ್ಲ. ದವಡಿಗೂ ಶಕ್ತಿ ಇಲ್ಲ. ಅದಕ್ಕ ತುತ್ತು ಬಲಕ್ಕ ಇಡ್ರಿ. ನೆಟ್ಟಗ ಕುಂದ್ರಿಸಿ, ನುಂಗೂ ಮುಂದ ಗದ್ದ ಎದಿ ಕಡೆ ಬಗ್ಗಿಸ್ರಿ. ಆಮ್ಯಾಲ ಬಾಯಿ ತೆಗಿಸಿ ನೋಡ್ರಿ. ತೆಳ್ಳನ ನೀರು ಮಾತ್ರ ಬ್ಯಾಡ. ಗಂಟಲು ಮುಚ್ಚೂದರಾಗ ಅದು ಓಡಿ ಎದಿಯೊಳಗ ಹೊಕ್ಕೊಂತೈತಿ.’

ಎಲ್ಲದಕ್ಕೂ ಹೂಂ ಅಂದೆ. ಕೊನೆಗೆ ಅವಳು, ‘ನೀವೂ ತಾಟು ಹಚಗೊಂಡು ಎದುರಿಗೆ ಕುಂದ್ರಿ. ನೀವು ಅಗಿಯೂದ ನೋಡಿ ಅವರೂ ಅಗೀತಾರ’ ಅಂದಳು.

ನನಗೆ ನಗು ಬಂತು, ನಾಚಿಕೆಯೂ ಬಂತು. ಇಷ್ಟು ವರ್ಷದಲ್ಲಿ ಇವರ ಎದುರು ಕೂತು ಒಂದು ತುತ್ತು ಉಂಡವಳಲ್ಲ. ಮದುವೆಯ ದಿನ ಉಂಡಿದ್ದೆನೇನೋ, ಆಗ ತಲೆ ಎತ್ತಿದ್ದರೆ ತಾನೇ ನೆನಪಿರುವುದು. ಇವರೂ ತಾಟು ನೋಡುತ್ತಾ ಕೂತರು. ಬೇರೆ ದಾರಿ ಇರಲಿಲ್ಲ. ಗೋಡೆಯ ಕಡೆ ಅರ್ಧ ತಿರುಗಿ ಕೂತು ಉಂಡೆ. ಸಮತಾ ನನ್ನನ್ನೇ ನೋಡುತ್ತಿದ್ದಳು. ‘ಅವ್ವಾರ, ನೀವ ಅಗಿಯೂದಿಲ್ಲಲ್ರಿ! ನುಂಗಿ ಬಿಡ್ತೀರಿ. ಯಾರರ ಬೆನ್ನ ಹತ್ಯಾರೇನು?’

ಅಕ್ಟೋಬರ್ ೧೨

ಇವತ್ತು ಬನ್ನಿ. ಊರೆಲ್ಲ ಬನ್ನಿ ಕೊಟ್ಟು ಬಂಗಾರದಂಗಿರೋಣ ಅಂತಿದೆ. ನಾವು ಮೆತ್ತಗೆ ಬೇಯಿಸಿ ಹಿಚುಕಿದ ನುಚ್ಚಿನ ಮುಂದೆ ಕೂತಿದ್ದೆವು. ಒಂದು ತುತ್ತಿಗೆ ಎಷ್ಟು ಸಲ ದವಡೆ ಆಡಿಸಬೇಕೋ ಅಷ್ಟು ಸಲ ನಾನೂ ಆಡಿಸಬೇಕು. ನನಗೂ ದವಡೆ ನೋವು ಬಂತು. ಕಲಿಸುವವಳಿಗೇ ಪಾಠ ಬಾರದಿದ್ದರೆ ಹೇಗೆ?

ಗಲ್ಲ ಉಬ್ಬಿಸಿ ಗಾಳಿ ಹಿಡಿಯುವ ವ್ಯಾಯಾಮದಲ್ಲಿ ಇವರ ಎಡತುಟಿಯಿಂದ ಪುಸ್ಸಂತ ಗಾಳಿ ಹೋಗುತ್ತದೆ. ನನಗೆ ನಗು ತಡೆಯಲಿಲ್ಲ. ಸಿಟ್ಟಿನಿಂದ ನೋಡಿದರು. ಆ ನೋಟ ಮೊದಲಿನದೇ, ಅಂಗಡಿಯಿಂದ ಬಂದು ಚಾ ತಡವಾದರೆ ನೋಡುತ್ತಿದ್ದ ನೋಟ. ಸಮಾಧಾನವಾಯಿತು.

ಅಕ್ಟೋಬರ್ ೧೭

ಶೀಗಿ ಹುಣ್ಣಿಮೆ. ಎಲ್ಲರೂ ಹೊಲದ ಪೂಜೆಗೆ ಹೋದರು. ಮನೆಯಲ್ಲಿ ನಾವಿಬ್ಬರೇ. ಬದನೆಕಾಯಿ ಪಲ್ಯ ಹಿಚುಕಿ ಇವರಿಗೆ ಕೊಟ್ಟು ನಾನೂ ಉಂಡೆ. ಅಗಿಯುತ್ತಾ ಹೋದಂತೆ ಗೊತ್ತಾಯಿತು, ನಾನು ಪಲ್ಯಕ್ಕೆ ಗುರೆಳ್ಳು ಪುಡಿ ಜಾಸ್ತಿ ಹಾಕುತ್ತೇನೆ. ಒಂದು ಥರ ಕಹಿ. ಇಷ್ಟು ವರ್ಷ ಇವರು ಒಂದು ದಿನವೂ ಹೇಳಲಿಲ್ಲ. ‘ಕಹಿ ಐತಲ್ರಿ?’ ಅಂದೆ. ಬಲಗೈ ಬೆರಳಿನಿಂದ ಚೂರೇ ಚೂರು ಅಂತ ತೋರಿಸಿದರು.

ಒಂದು ತಾಸು ಉಂಡೆವು.

ಅಕ್ಟೋಬರ್ ೨೦

ಇವತ್ತು ಉಂಡಾದ ಮೇಲೆ ತಾಟು ಬಿಡಲಿಲ್ಲ. ಉಂಡ ತಾಟಿಗೆ ನೀರು ಹಾಕಿ ತೊಳೆದು ಆ ನೀರು ಕುಡಿದು ಏಳುವುದು ಈ ಮನೆಯ ನೇಮ. ಅನ್ನ ಅಂದರೆ ಪ್ರಸಾದ, ಒಂದಗಳೂ ಚೆಲ್ಲಬಾರದು. ಕೊರಳಿಗೆ ಲಿಂಗ ಬಂದ ದಿನದಿಂದ ಇವರು ಅದನ್ನು ತಪ್ಪಿಸಿದವರಲ್ಲ. ಮದುವೆಮನೆಯಲ್ಲೂ ಜನ ನಗಲಿ ಬಿಡಲಿ, ತಾಟು ತೊಳೆದು ಕುಡಿದೇ ಏಳುವವರು. ಇಷ್ಟು ದಿನ ನಾನು ಲಗುಬಗೆಯಿಂದ ತಾಟು ಎಳೆದುಕೊಂಡು ಹೋಗುತ್ತಿದ್ದೆ. ಇವತ್ತು ಅಂಚು ಹಿಡಿದು ಕೂತುಬಿಟ್ಟರು. ಕಣ್ಣಲ್ಲಿ ನೀರು. ಕೈ ಸೋತಿತು, ಕಾಲು ಸೋತಿತು, ಇದೊಂದಾದರೂ ಉಳಿಯಲಿ ಅಂತ ಕೇಳುತ್ತಿದ್ದ ಹಾಗಿತ್ತು.

ಎರಡು ಗುಟುಕು ತಾನೇ ಅಂದುಕೊಂಡೆ. ನೀರು ಹಾಕಿ, ತೊಳೆದು, ತಾಟು ಬಾಯಿಗೆ ಹಿಡಿದೆ. ಕುಡಿದರು, ಕೆಮ್ಮಿದರು. ಮುಖ ಕೆಂಪಾಯಿತು. ಆಮೇಲೆ ಸುಮ್ಮನಾದರು. ದನಿ ಮಾತ್ರ ಗೊಳಗೊಳ ಅನ್ನುತ್ತಿದೆ.

ಅಕ್ಟೋಬರ್ ೨೨

ಜ್ವರ. ಉಸಿರಿನಲ್ಲಿ ಸದ್ದು.

ಅಕ್ಟೋಬರ್ ೨೩

ಹಾವೇರಿ. ಎದೆಯೊಳಗೆ ಸೋಂಕು ಅಂದರು. ನೀರು ಕೊಟ್ಟಿರಾ ಅಂತ ಕೇಳಿದರು. ಕೊಟ್ಟೆ ಅಂದೆ.

ನವೆಂಬರ್ ೧

ಮತ್ತೆ ಮೂಗಿನಲ್ಲಿ ನಳಿಕೆ ಹಾಕಿಕೊಂಡೇ ಮೊನ್ನೆ ಮನೆಗೆ ಬಂದೆವು. ಇವತ್ತು ದೀಪಾವಳಿ ಅಮಾವಾಸ್ಯೆ. ಅಂಗಡಿಯ ಪೂಜೆಗೆ ಎಲ್ಲರೂ ಹೋದರು. ಇವರಿಗೆ ಹೋಗಲು ಆಗದ ಮೊದಲ ಪೂಜೆ.

ಸಮತಾ ಬಂದಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ‘ನಾನ ಕೇಳಬೇಕಾಗಿತ್ತು ಅವ್ವಾರ, ನಿಮ್ಮನ್ಯಾಗ ಊಟಾ ಹೆಂಗ ಮುಗಸ್ತೀರಿ ಅಂತ. ಹೆಂಗ ಸುರು ಮಾಡ್ತೀರಿ ಅಂತ ಅಷ್ಟ ಕೇಳಿದ್ನಿ’ ಅಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪುಣ್ಯ ಮಾಡಲು ಹೋಗಿ ಗಂಡನನ್ನು ಕೊಲ್ಲುತ್ತಿದ್ದೆ. ಇದನ್ನು ಯಾರ ಮುಂದೆ ಹೇಳಲಿ? ಸುಧಾರಾಣಿ ಆಗಲೇ ನೆರೆಮನೆಯವರ ಮುಂದೆ ‘ಅಕ್ಕಾನ ಕೈಯಾರೆ ಆತು’ ಅಂದಳಂತೆ. ಸುಳ್ಳಲ್ಲವಲ್ಲ.

ಸುಧಾರಾಣಿ ಮೇಲಿನಿಂದ ಹೋಳಿಗೆ ಕಳಿಸಿದ್ದಳು. ಕಟ್ಟೆಯ ಹತ್ತಿರ ನಿಂತು ತಿಂದೆ. ಅರ್ಧಕ್ಕೆ ಸಾಕಾಯಿತು. ಒಬ್ಬಳೇ ನಿಂತು ಅಗಿಯುವ ಸದ್ದು ಎಷ್ಟು ದೊಡ್ಡದಾಗಿ ಕೇಳುತ್ತದೆ. ಮೊದಲು ಕೇಳುತ್ತಿರಲಿಲ್ಲ.

ನವೆಂಬರ್ ೧೪

ನಳಿಕೆ ಮತ್ತೆ ತೆಗೆದರು. ಇದು ಕೊನೆಯ ಸಲ, ಇನ್ನೊಮ್ಮೆ ಹೀಗಾದರೆ ಹೊಟ್ಟೆಗೇ ನಳಿಕೆ ಅಂತ ಡಾಕ್ಟರು ಹೇಳಿದ್ದಾರೆ.

ಮಧ್ಯಾಹ್ನ ತಾಟು ಹಚ್ಚಿ ಎದುರಿಗೆ ಕೂತೆ. ಉಂಡರು. ಬಾಯಿ ತೆಗೆಸಿ ನೋಡಿದೆ, ಗಲ್ಲದಲ್ಲಿ ಕೂತಿದ್ದನ್ನು ಬೆರಳಿನಿಂದ ತೆಗೆದೆ. ಆಮೇಲೆ ಮತ್ತೆ ತಾಟಿನ ಅಂಚು ಹಿಡಿದರು. ಹಠ ಅಂದರೆ ಇವರದು. ನಾನು ಏನೂ ಯೋಚಿಸಲಿಲ್ಲ. ಇವರು ಹಿಡಿದಿದ್ದ ತಾಟಿಗೇ ನೀರು ಹಾಕಿ, ತೊಳೆದು, ಬಗ್ಗಿ ನಾನೇ ಗಟಗಟ ಕುಡಿದೆ. ‘ಪ್ರಸಾದ ಮನ್ಯಾಗ ಉಳೀತಲ್ರಿ. ಯಾರ ಹೊಟ್ಯಾಗ ಅಂತ ಕೊರಳಾಗಿನ ಲಿಂಗಪ್ಪ ಲೆಕ್ಕಾ ಇಡೂದಿಲ್ಲ’ ಅಂದೆ.

ಬರಿದಾದ ತಾಟು ನೋಡಿದರು. ಅಂಚು ಬಿಟ್ಟರು.

ನವೆಂಬರ್ ೨೪

ಹಾನಗಲ್ಲಿನಿಂದ ಮಗಳು ನೇತ್ರಾ ಬಂದಿದ್ದಳು. ಬಾಗಿಲಲ್ಲಿ ನಿಂತು ನಮ್ಮಿಬ್ಬರ ಊಟ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ‘ಯವ್ವಾ, ನೀ ಅಪ್ಪನ ಮುಂದ ಕುಂತು ಉಣ್ಣಾಕತ್ತಿ!’

‘ಔಷಧಾ ಇದು. ಆ ಹುಡುಗಿ ಹೇಳ್ಯಾಳ’ ಅಂದೆ.

‘ಔಷಧಾ ಯಾರಿಗೆ ಹತ್ತೈತೋ ಏನೋ. ನಿನ್ನ ಮಾರಿ ನೋಡ್ಕೊ. ತುಂಬೇತಿ.’

ಹುಚ್ಚಿ. ದಿನಾ ಹಾಲು ಹಾಕಿದ ಮೆತ್ತಗಿನ ಊಟ ಉಂಡರೆ ಯಾರ ಮುಖವಾದರೂ ತುಂಬುತ್ತದೆ.

ಡಿಸೆಂಬರ್ ೨

ರೊಟ್ಟಿ! ಹಾಲಿನಲ್ಲಿ ನೆನೆಸಿದ ಬಿಸಿರೊಟ್ಟಿ. ಚೂರು ಮಾಡಿ ಬಲಕ್ಕೆ ಇಟ್ಟೆ. ಅಗಿದರು, ಗದ್ದ ಬಗ್ಗಿಸಿದರು, ನುಂಗಿದರು. ಕೆಮ್ಮಲಿಲ್ಲ. ಬಾಯಿ ತೆಗೆದು ತಾವೇ ತೋರಿಸಿದರು. ಎಡಗಲ್ಲದಲ್ಲಿ ಏನೂ ಇಲ್ಲ. ಶಾಲೆಯ ಹುಡುಗರು ಪಾಟಿ ತೋರಿಸಿದ ಹಾಗೆ.

ಮಾತೂ ಅಷ್ಟಿಷ್ಟು ತಿಳಿಯುತ್ತದೆ. ಬೇರೆಯವರಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಇವತ್ತು ಊಟದ ನಡುವೆ ನನ್ನ ತವರಿನ ಬಗ್ಗೆ ಕೇಳಿದರು. ದುಂಡಸಿಯಲ್ಲಿ ನಿಮ್ಮಪ್ಪ ಊಟಕ್ಕೆ ಕೂತಾಗ ಬೆಕ್ಕಿಗೂ ಒಂದು ತುತ್ತು ಇಡುತ್ತಿದ್ದರಲ್ಲ, ಅಂತ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಇವರಿಗೆ ಅದು ನೆನಪಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಊಟದಲ್ಲಿ ಮಾತು ಬೇಡ ಅಂತ ಸಮತಾ ಹೇಳಿದ್ದಾಳೆ. ತುತ್ತು ನುಂಗಿದ ಮೇಲೆ ಮಾತಾಡಿದೆವು.

ಡಿಸೆಂಬರ್ ೧೫

ಸಮತಾ ಇವರಿಗೆ ಚಮಚದಲ್ಲಿ, ಆಮೇಲೆ ಲೋಟದಲ್ಲಿ ನೀರು ಕುಡಿಸಿ ನೋಡಿದಳು. ಗಂಟಲ ಮೇಲೆ ಬೆರಳಿಟ್ಟಳು, ‘ಆ’ ಅನ್ನಿಸಿದಳು. ದನಿ ಸ್ವಚ್ಛ. ಹಾವೇರಿಯ ಡಾಕ್ಟರೂ ಒಪ್ಪಿದ್ದಾರಂತೆ. ‘ಪಾಸ್ ಆದ್ರಿ ಯಜಮಾನ್ರ. ಇನ್ನ ಎಲ್ಲಾರ ಜೋಡಿ ಕುಂತು ಉಣ್ಣಬಹುದು. ಸಾವಕಾಶ ಮಾತ್ರ. ಗಡಿಬಿಡಿ ಮಾಡೂದು ಬ್ಯಾಡ, ಮಲಗಿ ತಿನ್ನೂದಂತೂ ಬ್ಯಾಡ.’

ಇವರು ಮಧ್ಯಾಹ್ನ ತಮ್ಮ ತಾಟಿಗೆ ತಾವೇ ನೀರು ಹಾಕಿ, ತೊಳೆದು, ಸ್ವಲ್ಪ ಸ್ವಲ್ಪವೇ ಕುಡಿದರು. ಕೈ ಎತ್ತಿ ಶರಣು ಮಾಡಿದರು. ಸುಧಾರಾಣಿ ಸಕ್ಕರೆ ಹಂಚಿದಳು. ನಾನು ನಕ್ಕೆ. ಒಳಗೊಳಗೆ ಏನೋ ಕಳೆದ ಹಾಗೆ ಆಯಿತು. ಇದೆಂಥ ಪಾಪದ ಬುದ್ಧಿ, ಗಂಡ ಗುಣವಾದರೆ ಹೆಂಡತಿಗೆ ಬೇಜಾರಾಗುವುದು? ದೇವರಿಗೆ ದೀಪ ಹಚ್ಚಿ ಗಲ್ಲ ಗಲ್ಲ ಬಡಿದುಕೊಂಡೆ.

ಡಿಸೆಂಬರ್ ೧೭

ಮೃತ್ಯುಂಜಯ ಬಂದು, ‘ಅಣ್ಣಾ, ನಡಿ ಪಡಸಾಲ್ಯಾಗ ಉಣ್ಣೋಣು. ನೀ ಇಲ್ಲದ ಪಂಕ್ತಿ ಭಣಭಣ ಅಂತೈತಿ’ ಅಂದ. ಇವರು ಕೋಲು ಹಿಡಿದು ಎದ್ದರು. ಹಿಂದಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಪಡಸಾಲೆ ಅವರ ಜಾಗ.

ಅಣ್ಣತಮ್ಮ, ಮಾಲತೇಶ, ಮೂವರೂ ಕೂತರು. ಬಡಿಸಿದೆ. ಒಳಗೆ ಬಂದು ಕಟ್ಟೆಯ ಹತ್ತಿರ ನಿಂತೆ. ನನ್ನ ತುತ್ತು ಬಾಯಲ್ಲಿ ತಿರುಗಿತೇ ಹೊರತು ಒಳಗೆ ಇಳಿಯಲಿಲ್ಲ. ನನಗೇನು ಲಕ್ವ ಹೊಡೆದಿಲ್ಲವಲ್ಲ. ತಾಟು ಮುಚ್ಚಿಟ್ಟೆ.

ಡಿಸೆಂಬರ್ ೨೦

ಏನೂ ಬರೆಯುವಂಥದ್ದಿಲ್ಲ. ಗೋವಿನಜೋಳದ ಸುಗ್ಗಿ. ಅಂಗಡಿಯಲ್ಲಿ ಗದ್ದಲ, ಮನೆಯಲ್ಲಿ ಸದ್ದಿಲ್ಲ. ಇವರೂ ಒಂದು ತಾಸು ಅಂಗಡಿಗೆ ಹೋಗಿ ಬರುತ್ತಾರೆ. ಬಂದು ಮಲಗುತ್ತಾರೆ. ನನಗೆ ಬಹಳ ಒಂಟಿ ಅನ್ನಿಸುತ್ತದೆ. ಅಷ್ಟೇ.

ಡಿಸೆಂಬರ್ ೨೨

ಅಂಗಿ ಒಗೆಯಲು ತೆಗೆದರೆ ಇವರ ಜೇಬಿನಲ್ಲಿ ರೊಟ್ಟಿಯ ಚೂರುಗಳು. ಪಲ್ಯದ ಎಣ್ಣೆ ಹತ್ತಿ ಜೇಬು ಹಳದಿಯಾಗಿತ್ತು. ಹುಚ್ಚು ಹಿಡಿಯಿತೇ ಅಂತ ಹೆದರಿಕೆಯಾಯಿತು. ಆಮೇಲೆ ಮಧ್ಯಾಹ್ನ ಬಾಗಿಲ ಸಂದಿಯಿಂದ ಪಂಕ್ತಿಯನ್ನು ನೋಡಿದೆ.

ಮೃತ್ಯುಂಜಯನದೂ ಮಾಲತೇಶನದೂ ಬೇಗ ಮುಗಿಯುತ್ತದೆ. ಇವರ ಎರಡನೇ ರೊಟ್ಟಿ ಅರ್ಧವೂ ಆಗಿರುವುದಿಲ್ಲ. ಪಂಕ್ತಿಯಲ್ಲಿ ಒಬ್ಬರು ಉಣ್ಣುವಾಗ ಇನ್ನೊಬ್ಬರು ಏಳಬಾರದಲ್ಲ. ಅವರಿಬ್ಬರೂ ಒಣಗಿದ ಕೈ ಹಿಡಿದುಕೊಂಡು ಕೂತಿರುತ್ತಾರೆ. ಮಾಲತೇಶ ಒಮ್ಮೆ ಗಡಿಯಾರ ನೋಡಿದ. ಇವರು ಅದನ್ನು ನೋಡಿದರು. ಉಳಿದ ರೊಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಜೇಬಿಗೆ ಇಳಿಸಿದರು. ತಾಟಿನಲ್ಲಿ ಬಿಡುವಂತಿಲ್ಲ, ಪ್ರಸಾದ. ನೀರು ಹಾಕಿ ತೊಳೆದು ಕುಡಿದು ಎದ್ದರು.

ನಾನು ಪಾತ್ರೆ ಬಳಿಯುವುದನ್ನು ಬಿಟ್ಟು ಒಳಕೋಣೆಗೆ ಹೋದೆ. ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ, ಮಂಚದ ಮೇಲೆ ಅರ್ಧ ಮಲಗಿಕೊಂಡು ಅಗಿಯುತ್ತಿದ್ದರು. ಒಬ್ಬರೇ. ಕಳ್ಳತನ ಮಾಡಿದವರ ಹಾಗೆ. ಅಲ್ಲೇ ತುತ್ತು ಗಂಟಲಿಗೆ ಅಡ್ಡ ಬಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

‘ಎದ್ದು ಕುಂದ್ರಿ’ ಅಂದೆ. ಜೋರಾಗಿಯೇ ಅಂದೆ. ಕೂತರು. ಬಾಯಲ್ಲಿದ್ದುದು ಮುಗಿಯುವವರೆಗೆ ಪಕ್ಕದಲ್ಲಿ ನಿಂತೆ. ಇವರು ಮೊದಲಿಗಿಂತ ಸಣ್ಣಗಾಗಿದ್ದಾರೆ. ಐದು ದಿನದಿಂದ ನಾನು ನನ್ನ ದುಃಖ ನೋಡಿಕೊಳ್ಳುತ್ತಾ ಕೂತಿದ್ದೆ, ಇವರ ಕೊರಳೆಲುಬು ನೋಡಲಿಲ್ಲ.

ಡಿಸೆಂಬರ್ ೨೩

ಮೃತ್ಯುಂಜಯನಿಗೆ ಹೇಳಿದೆ, ನಿಮ್ಮಣ್ಣನಿಗೆ ತಡವಾಗುತ್ತದೆ ಅಂತ. ‘ನಾವೇನು ಏಳು ಅಂತೇವೇನು ವೈನಿ? ಕಾಯ್ತೇವಲ್ಲ’ ಅಂದ. ಒಳ್ಳೆಯವನೇ. ಕಾಯುವುದೇ ತೊಂದರೆ ಅಂತ ಅವನಿಗೆ ಹೇಗೆ ತಿಳಿಸಲಿ?

ಇವರಿಗೆ ಒಳಕೋಣೆಯಲ್ಲೇ ಉಣ್ಣಿರಿ ಅಂದೆ. ತಲೆ ಅಲ್ಲಾಡಿಸಿದರು. ಪಡಸಾಲೆಯಿಂದ ಮತ್ತೆ ಒಳಕ್ಕೆ ಬಂದರೆ ರೋಗಿಯಾದ ಹಾಗೆ.

ಡಿಸೆಂಬರ್ ೨೪

ಇವತ್ತು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹಸಿವೆ ತಡೆಯಲಿಲ್ಲ. ಗಂಡಸರಿಗೆ ಬಡಿಸಿ, ರೊಟ್ಟಿ ಬುಟ್ಟಿ, ಪಲ್ಯದ ಬೋಗುಣಿ ಎಲ್ಲ ನಡುವೆ ಇಟ್ಟು, ನನ್ನ ತಾಟು ತೆಗೆದುಕೊಂಡು ಹೋಗಿ ಇವರ ಎದುರಿಗೆ ಕೂತೆ.

ಮಾಲತೇಶ ತಲೆ ತಗ್ಗಿಸಿದ. ಮೃತ್ಯುಂಜಯನ ಕೈ ತಾಟಿನಲ್ಲೇ ನಿಂತಿತು. ಸುಧಾರಾಣಿ ಬಾಗಿಲಿಗೆ ಬಂದು ಪಿಸುಮಾತಿನಲ್ಲಿ, ‘ಅಕ್ಕಾ, ಗಂಡಸರು ಇನ್ನ ಉಣ್ಣಾಕತ್ತಾರ’ ಅಂದಳು.

‘ಉಣ್ಲಿ.’

‘ಬಡಸವರು ಯಾರು?’

‘ಬುಟ್ಟಿ ಮುಂದ ಐತಿ. ಬೇಕಾದವರು ತೊಗೊಂತಾರ’ ಅಂದೆ. ದನಿ ನಡುಗಿತು. ಹಸಿದಾಗ ನಡುಗುತ್ತದೆ.

ಇವರು ನನ್ನನ್ನು ನೋಡಿದರು. ಎಲ್ಲರ ಮುಂದೆ ಒಳಗೆ ಹೋಗು ಅಂದಾರು ಅಂತ ತಾಟಿನ ಅಂಚು ಹಿಡಿದು ಕೂತೆ. ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಒಂದು ಚೂರು ರೊಟ್ಟಿ ಮುರಿದು ಬಾಯಿಯ ಬಲಕ್ಕೆ ಇಟ್ಟುಕೊಂಡರು. ನಾನೂ ಮುರಿದೆ.

ಅವರಿಬ್ಬರದು ಎಂದಿನಂತೆ ಬೇಗ ಮುಗಿಯಿತು. ತಾಟು ತೊಳೆದು ಕುಡಿದು, ಕೈ ಒಣಗಿಸುತ್ತಾ ಕೂತರು. ನಾನು ನುಂಗಿ, ‘ನೀವು ಏಳ್ರಿ, ಅಂಗಡ್ಯಾಗ ಗಾಡಿ ಬಂದ ನಿಂತಾವು. ಇಲ್ಲಿ ಪಂಕ್ತಿಗೆ ನಾ ಅದೇನಿ’ ಅಂದೆ. ಮೃತ್ಯುಂಜಯ ಅಣ್ಣನ ಮುಖ ನೋಡಿದ. ಇವರು ಬಲಗೈ ಎತ್ತಿ ಹೋಗು ಅಂತ ಸನ್ನೆ ಮಾಡಿದರು. ಇಬ್ಬರೂ ಎದ್ದು ಹೋದರು. ಚಪ್ಪಲಿಯ ಸದ್ದು ಅಂಗಳ ದಾಟಿತು.

ಇವರ ಕೈ ಜೇಬಿನ ಕಡೆ ಹೋಗಲಿಲ್ಲ. ಎರಡನೇ ರೊಟ್ಟಿ ಮುಗಿಸಿ ಬುಟ್ಟಿಯಿಂದ ಮೂರನೆಯದು ತೆಗೆದರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು.

ಸುಧಾರಾಣಿ ಮತ್ತೆ ಬಂದಳು, ಮುಸುರೆ ಎತ್ತಲು. ‘ಮುಗೀತೇನ್ ಅಕ್ಕಾ? ತಾಟು ತೊಗೊಳ್ಳಲೇನು?’

ನನ್ನ ಬಾಯಲ್ಲಿ ತುತ್ತಿತ್ತು. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಪೂರ್ತಿ ಅಗಿದು ನುಂಗಿದ ಮೇಲೆ, ‘ತಡಿ ಸುಧಾ, ನಾವಿನ್ನಾ ಉಣ್ಣಾಕತ್ತೇವಿ’ ಅಂದೆ.